ಕೀಲಿ ಕೊಡುವ ಮೊದಲು ಉಸಿರಿನ ಪರೀಕ್ಷೆ: ಒಂದು ಬಾಡಿಗೆ ದೋಣಿ ಸೇವೆಯ ವಿಮರ್ಶೆ

ಬಾಡಿಗೆಗೆ ಪಡೆದು ನಾವೇ ನಡೆಸಿಕೊಂಡು ಹೋಗಬಹುದಾದ ಮೋಟಾರು ದೋಣಿಯೊಂದರಲ್ಲಿ ಕಳೆದ ತಿಂಗಳು ನಮ್ಮ ಮನೆಯವರೆಲ್ಲ ಒಂದು ದಿನ ಕಳೆದೆವು. ಬೆಳಿಗ್ಗೆ ಒಂಬತ್ತಕ್ಕೆ ದೋಣಿಯನ್ನು ಕೈಗೊಪ್ಪಿಸಿ ಸಂಜೆ ಐದೂವರೆಗೆ ಮರಳಿ ಪಡೆಯುವ ಸೇವೆ ಅದು. ಸೇವೆಯ ಹೆಸರನ್ನು ನಾನು ಇಲ್ಲಿ ಬರೆಯುತ್ತಿಲ್ಲ. ಅವರನ್ನು ಮನಸಾರೆ ಮೆಚ್ಚಬೇಕಾದ ಸಂಗತಿಯೊಂದಿದೆ, ಗಟ್ಟಿಯಾಗಿ ಆಕ್ಷೇಪಿಸಬೇಕಾದ ಸಂಗತಿಯೂ ಒಂದಿದೆ. ಎರಡೂ ಮದ್ಯಪಾನಕ್ಕೆ ಸಂಬಂಧಿಸಿದವು, ಮತ್ತು ದೋಣಿಯನ್ನು ಬಾಡಿಗೆಗೆ ಕೊಡುವ ಯಾವ ಸಂಸ್ಥೆಗೂ ಅವು ಅನ್ವಯಿಸುತ್ತವೆ.

ದೋಣಿಯ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಏಳು ಜನ ಕೂರಬಹುದಾದ, ಹಿಂಬದಿಗೆ ಎಂಜಿನ್ ಜೋಡಿಸಿದ ತೆರೆದ ದೋಣಿ. ತಳ ಒಣಗಿತ್ತು, ಇಂಧನ ತುಂಬಿತ್ತು, ಎಂಜಿನ್ ಮೊದಲ ಸಲಕ್ಕೇ ಹೊತ್ತಿಕೊಂಡಿತು. ಆಸನಗಳ ಮೇಲೆ ನೆರಳಿಗೆ ಚಾವಣಿಯಿತ್ತು. ಕಾಯ್ದಿರಿಸುವ ವ್ಯವಸ್ಥೆ ಸರಳವಾಗಿತ್ತು, ಠೇವಣಿಯ ಹಣ ಎರಡೇ ದಿನಗಳಲ್ಲಿ ಮರಳಿ ಬಂತು. ಇಷ್ಟನ್ನು ಬೇರೆಯವರೂ ಬರೆದಿದ್ದಾರೆ.

ನಮ್ಮಲ್ಲಿ ದೋಣಿ ನಡೆಸಿ ಹೆಚ್ಚು ಅನುಭವವಿದ್ದವರು ನನ್ನ ಭಾವ. ಹಾಗಾಗಿ ಕರಾರುಪತ್ರದಲ್ಲಿ ಚಾಲಕರ ಹೆಸರು ಅವರದೇ ಇತ್ತು. ಎರಡನೆಯ ಚಾಲಕನೆಂದು ನನ್ನ ಹೆಸರನ್ನೂ ಬರೆಸಿದ್ದೆವು. ಗುರುತಿನ ಚೀಟಿಗಳನ್ನು ನೋಡಿದ ಮೇಲೆ ಕಟ್ಟೆಯ ಮೇಲಿದ್ದ ಹಿರಿಯ ಸಿಬ್ಬಂದಿಯೊಬ್ಬರು ಅಂಗೈಯಗಲದ ಉಪಕರಣವೊಂದನ್ನು ತಂದು, ಇಬ್ಬರೂ ಊದಬೇಕೆಂದು ಕೇಳಿಕೊಂಡರು. ನನ್ನದು ಸೊನ್ನೆ ತೋರಿಸಿತು. ಭಾವನದು ತೋರಿಸಲಿಲ್ಲ. ಹಿಂದಿನ ರಾತ್ರಿ ಗೆಳೆಯರ ಮನೆಯ ಸಮಾರಂಭದಲ್ಲಿ ಅವರು ತಡವಾಗಿ ಕುಡಿದಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ತಿಂಡಿ ತಿಂದು, ಎರಡು ಲೋಟ ಕಾಫಿ ಕುಡಿದು, ತಾವು ಪೂರ್ತಿ ಸರಿಯಾಗಿದ್ದೇನೆಂದು ನಂಬಿಯೇ ಬಂದಿದ್ದರು. ಅವರ ಮುಖ ಕೆಂಪಾಯಿತು. ಆಗ ಆ ಸಿಬ್ಬಂದಿ ಆಡಿದ ಮಾತು ನನಗೆ ಬಹಳ ಹಿಡಿಸಿತು: “ನೀವು ಕುಡಿದು ಬಂದಿದ್ದೀರಿ ಅಂತ ನಾನು ಹೇಳ್ತಾ ಇಲ್ಲ ಸರ್. ನಿನ್ನೆಯದು ಇನ್ನೂ ಇಳಿದಿಲ್ಲ, ಅಷ್ಟೇ. ಇವತ್ತು ನೀವು ಕೂತು ಬನ್ನಿ, ಇವರು ನಡೆಸಲಿ.” ದನಿ ಏರಿಸಲಿಲ್ಲ, ಮಕ್ಕಳ ಮುಂದೆ ಅವರ ಮಾನ ಕಳೆಯಲಿಲ್ಲ, ಹಾಗೆಂದು ನಿಯಮವನ್ನೂ ಸಡಿಲಿಸಲಿಲ್ಲ. ಭಾವ ಒಮ್ಮೆ ವಾದಿಸಿದರು, ಇನ್ನೊಂದು ತಾಸು ಕಾಯುತ್ತೇವೆಂದೂ ಹೇಳಿದರು. ಕಾದರೂ ಪ್ರಯೋಜನವಿಲ್ಲವೆಂದು ಆ ಹಿರಿಯರು ಲೆಕ್ಕ ಹಾಕಿ ತೋರಿಸಿದರು.

ಆ ಲೆಕ್ಕ ಎಲ್ಲರಿಗೂ ತಿಳಿದಿರಬೇಕಾದದ್ದು. ಸಾಮಾನ್ಯವಾಗಿ ಒಬ್ಬ ವಯಸ್ಕನ ದೇಹವು ಪ್ರತಿ 100 ಮಿಲಿಲೀಟರ್ ರಕ್ತದಿಂದ ಗಂಟೆಗೆ ಸುಮಾರು 15 ಮಿಲಿಗ್ರಾಂ ಮದ್ಯಸಾರವನ್ನು ಮಾತ್ರ ಕಳೆಯಬಲ್ಲದು. ರಾತ್ರಿ ಒಂದು ಗಂಟೆಗೆ 150 ಮಿಲಿಗ್ರಾಂ ಮಟ್ಟದಲ್ಲಿ ಮಲಗಿದವನು ಸೊನ್ನೆಗೆ ಇಳಿಯಬೇಕಾದರೆ ಸುಮಾರು ಹತ್ತು ಗಂಟೆ ಬೇಕು. ಅಂದರೆ ಬೆಳಿಗ್ಗೆ ಒಂಬತ್ತಕ್ಕೆ ಅವನ ರಕ್ತದಲ್ಲಿ ಇನ್ನೂ 30 ಮಿಲಿಗ್ರಾಂ ಉಳಿದಿರುತ್ತದೆ. ಕಾಫಿ, ತಣ್ಣೀರಿನ ಸ್ನಾನ, ಹೊಟ್ಟೆ ತುಂಬ ತಿಂಡಿ, ಇವು ಯಾವುವೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಕಾಫಿ ನಿದ್ದೆಯನ್ನು ಓಡಿಸಬಹುದು, ಅಮಲನ್ನಲ್ಲ. ಈ ಸೇವೆಯವರು ಚಾಲಕರಿಗೆ ಇಟ್ಟಿರುವ ಮಿತಿ ಸೊನ್ನೆ. ಕಾನೂನು ಎಷ್ಟಕ್ಕೆ ಅವಕಾಶ ಕೊಡುತ್ತದೆಂಬುದನ್ನು ಅವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಂದೆ ಬೇರೆ ಕಡೆಗಳಲ್ಲಿ ನಾನು ದೋಣಿ ಬಾಡಿಗೆಗೆ ಪಡೆದಾಗಲೆಲ್ಲ “ಕುಡಿದಿಲ್ಲ ತಾನೇ?” ಎಂದು ಬಾಯಿಮಾತಿನಲ್ಲಿ ಕೇಳಿ ಕೀಲಿ ಕೊಟ್ಟಿದ್ದರು. ಆ ಪ್ರಶ್ನೆಯನ್ನು ಇಲ್ಲಿ ಕೇಳಿದ್ದರೆ ಭಾವ “ಇಲ್ಲ” ಎನ್ನುತ್ತಿದ್ದರು. ಸುಳ್ಳು ಹೇಳುವ ಉದ್ದೇಶ ಕಿಂಚಿತ್ತೂ ಇಲ್ಲದೆ.

ಪರೀಕ್ಷೆಯ ನಂತರ ಮುಕ್ಕಾಲು ಗಂಟೆಯ ತರಬೇತಿ. ಇದನ್ನು ತಪ್ಪಿಸಿಕೊಳ್ಳಲು ಯಾರಿಗೂ ಅವಕಾಶವಿಲ್ಲ, ಮಕ್ಕಳೂ ಕುಳಿತು ಕೇಳಬೇಕು. ರಸ್ತೆಯ ಮೇಲೆ ಕುಡಿದು ಗಾಡಿ ಓಡಿಸಬಾರದೆಂದು ಒಪ್ಪುವ ಅನೇಕರು ನೀರಿನ ಮೇಲೆ ಅದೇ ಎಚ್ಚರವನ್ನು ಮರೆಯುತ್ತಾರೆ. ಎದುರಿಗೆ ವಾಹನಗಳಿಲ್ಲ, ಜಾಗ ಬೇಕಾದಷ್ಟಿದೆ, ವೇಗವೂ ಕಡಿಮೆ ಎಂಬುದು ಅವರ ಸಮಾಧಾನ. ತರಬೇತಿ ಕೊಟ್ಟವರು ಈ ಸಮಾಧಾನವನ್ನೇ ಹಿಡಿದು ಒಂದೊಂದಾಗಿ ಬಿಡಿಸಿದರು. ದೋಣಿಗೆ ಬ್ರೇಕ್ ಇಲ್ಲ. ಎಂಜಿನ್ ಆರಿಸಿದರೂ ಅದು ಮುಂದಕ್ಕೆ ಜಾರುತ್ತಲೇ ಇರುತ್ತದೆ, ತುರ್ತಾಗಿ ನಿಲ್ಲಿಸಬೇಕೆಂದರೆ ಹಿಮ್ಮುಖ ಗೇರಿಗೆ ಹಾಕಬೇಕು, ಅದಕ್ಕೆ ಸಮಯವೂ ಸಮಚಿತ್ತವೂ ಬೇಕು. ನೀರಿನಲ್ಲಿ ಪಥಗಳ ಗೆರೆಯಿಲ್ಲ, ಮುಳುಗಿದ ಮರದ ದಿಮ್ಮಿಗೆ ಎಚ್ಚರಿಕೆಯ ಫಲಕವಿಲ್ಲ. ಕತ್ತಲಾದ ಮೇಲೆ ಎದುರಿನ ದೋಣಿ ಯಾವ ದಿಕ್ಕಿಗೆ ಸಾಗುತ್ತಿದೆಯೆಂದು ತಿಳಿಯಲು ಇರುವ ಆಧಾರ ಅದರ ಎಡಬದಿಯ ಕೆಂಪು ದೀಪ, ಬಲಬದಿಯ ಹಸಿರು ದೀಪ. ಕುಡಿದ ಕಣ್ಣು ಇಂಥ ದೀಪಗಳನ್ನು ತಡವಾಗಿ ಗುರುತಿಸುತ್ತದೆ, ದೂರವನ್ನು ತಪ್ಪಾಗಿ ಅಳೆಯುತ್ತದೆ.

ಇದಕ್ಕಿಂತ ಮುಖ್ಯವಾದದ್ದು ದೇಹದ ಮೇಲೆ ದೋಣಿಯೇ ಮಾಡುವ ಪರಿಣಾಮ. ಬಿಸಿಲು, ನೀರಿನಿಂದ ಪ್ರತಿಫಲಿಸುವ ಪ್ರಖರ ಬೆಳಕು, ಗಾಳಿ, ಎಂಜಿನ್ನಿನ ಸದ್ದು, ಎಡೆಬಿಡದ ಕಂಪನ, ಅಲೆಗಳ ತೂಗಾಟ, ಇವೆಲ್ಲ ಸೇರಿ ಕೆಲವೇ ತಾಸುಗಳಲ್ಲಿ ಮನುಷ್ಯನನ್ನು ದಣಿಸುತ್ತವೆ. ಒಂದು ಹನಿಯನ್ನೂ ಮುಟ್ಟದವನ ಪ್ರತಿಕ್ರಿಯೆಯೂ ನಿಧಾನವಾಗುತ್ತದೆ. ಆ ದಣಿವಿನ ಮೇಲೆ ಮದ್ಯ ಬಿದ್ದಾಗ, ಮನೆಯಲ್ಲಿ ಕುಳಿತು ಕುಡಿದರೆ ತಾಳಬಲ್ಲೆನೆಂದು ಲೆಕ್ಕ ಹಾಕಿಕೊಂಡಿದ್ದ ಪ್ರಮಾಣವೇ ನೀರಿನ ಮೇಲೆ ಹೆಚ್ಚಾಗುತ್ತದೆ. ಬಾಯಾರಿಕೆಗೆಂದು ಬಿಯರ್ ಕುಡಿದವನ ದೇಹದಿಂದ ಇನ್ನಷ್ಟು ನೀರು ಹೊರಹೋಗುತ್ತದೆ. ಕಿವಿಯ ಒಳಭಾಗದಲ್ಲಿರುವ ಸಮತೋಲನದ ಅಂಗವೂ ಮದ್ಯದಿಂದ ಹದಗೆಡುತ್ತದೆ. ಹಾಗೆ ಹದಗೆಟ್ಟವನು ತಣ್ಣೀರಿಗೆ ಬಿದ್ದು ಮುಳುಗಿದರೆ ಯಾವುದು ಮೇಲು, ಯಾವುದು ಕೆಳಗು ಎಂಬುದೇ ತಿಳಿಯದೆ ಆಳದ ಕಡೆಗೇ ಈಜುವ ಅಪಾಯವಿದೆ. ಕುಡಿದರೆ ಮೈ ಬೆಚ್ಚಗಾಗುತ್ತದೆಂಬ ನಂಬಿಕೆಯನ್ನೂ ಅವರು ಸರಿಯಾಗಿಯೇ ಅಲ್ಲಗಳೆದರು: ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಬೆಚ್ಚಗಾದಂತೆ ತೋರುತ್ತದೆ, ಆದರೆ ಒಳಗಿನ ಶಾಖ ಅದೇ ದಾರಿಯಲ್ಲಿ ಬೇಗ ಹೊರಟುಹೋಗುತ್ತದೆ. ಇನ್ನೊಂದು ಮಾತನ್ನು ನಾನು ಅಲ್ಲಿಯೇ ಮೊದಲು ಕೇಳಿದೆ. ಎಂಜಿನ್ ಓಡುತ್ತಿರುವಾಗ ದೋಣಿಯ ಹಿಂಬದಿಯಲ್ಲಿ ಶೇಖರವಾಗುವ ಕಾರ್ಬನ್ ಮಾನಾಕ್ಸೈಡ್ ಅನಿಲದ ವಿಷದ ಲಕ್ಷಣಗಳು, ಅಂದರೆ ತಲೆಸುತ್ತು, ವಾಕರಿಕೆ, ಗೊಂದಲ, ಕುಡಿತದ ಅಮಲಿನಂತೆಯೇ ಕಾಣುತ್ತವೆ. ಹಾಗಾಗಿ ಜೊತೆಯವರು “ಹೆಚ್ಚಾಗಿದೆ, ಮಲಗಲಿ” ಎಂದು ಬಿಟ್ಟುಬಿಡುವ ಸಂಭವವಿದೆ.

ತರಬೇತಿಯ ಕೊನೆಯಲ್ಲಿ ಎಂಜಿನ್ ನಿಲ್ಲಿಸುವ ಹಗ್ಗವನ್ನು ನನ್ನ ಮಣಿಕಟ್ಟಿಗೆ ಸಿಕ್ಕಿಸಿದರು. ಚಾಲಕ ತನ್ನ ಜಾಗದಿಂದ ಎಸೆಯಲ್ಪಟ್ಟರೆ ಈ ಹಗ್ಗ ಕಿತ್ತುಬಂದು ಎಂಜಿನ್ ತಾನಾಗಿ ನಿಲ್ಲುತ್ತದೆ. ಇಲ್ಲದಿದ್ದರೆ ಚಾಲಕನಿಲ್ಲದ ದೋಣಿ ಸುತ್ತು ಹಾಕಿ ಬಂದು ನೀರಿನಲ್ಲಿರುವವನ ಮೇಲೆಯೇ ಹಾಯಬಹುದು. ಅಮೆರಿಕದಲ್ಲಿ 26 ಅಡಿಗಿಂತ ಚಿಕ್ಕದಾದ, 3 ಅಶ್ವಶಕ್ತಿ ಅಥವಾ ಅದಕ್ಕಿಂತ ಹೆಚ್ಚಿನ ಎಂಜಿನ್ನುಳ್ಳ ದೋಣಿಗಳಲ್ಲಿ, ಈ ವ್ಯವಸ್ಥೆ ಅಳವಡಿಸಲಾಗಿದ್ದರೆ, ಚಾಲಕ ಅದನ್ನು ಬಳಸಲೇಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಕರಾರುಪತ್ರದ ಜೊತೆಗೆ ಕೊಟ್ಟ ಕಿರುಪುಸ್ತಕದಲ್ಲಿ ಕಾನೂನಿನ ಕುರಿತು ಇದ್ದದ್ದು ಒಂದೇ ಪುಟ, “ಕುಡಿದು ದೋಣಿ ನಡೆಸುವುದು ಶಿಕ್ಷಾರ್ಹ ಅಪರಾಧ” ಎಂಬ ಸಾಮಾನ್ಯ ವಾಕ್ಯ. ಇದು ಸಾಲದು. ಗ್ರಾಹಕನಿಗೆ ಈ ಶಿಕ್ಷೆ ಎಂಥದ್ದೆಂಬ ಅಂದಾಜು ಸಿಗಬೇಕು. ಮನೆಗೆ ಬಂದ ಮೇಲೆ ನಾನು ಬೇರೆ ಬೇರೆ ದೇಶಗಳ ಕಾನೂನುಗಳನ್ನು ಓದಿದೆ. ಅಮೆರಿಕದ ಒಕ್ಕೂಟದ ಕಾನೂನಿನಲ್ಲಿ ಮನರಂಜನೆಯ ದೋಣಿ ನಡೆಸುವವರಿಗೆ ಮಿತಿ 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ, ವಾಣಿಜ್ಯ ನೌಕೆ ನಡೆಸುವವರಿಗೆ ಅದರ ಅರ್ಧ. ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಕೆನಡಾದಲ್ಲಿ ಕಾರಿಗೂ ದೋಣಿಗೂ ದಂಡಸಂಹಿತೆಯ ಕಲಮು ಒಂದೇ. 80 ಮಿಲಿಗ್ರಾಂ ಮಟ್ಟ ಮುಟ್ಟಿದರೆ ಮೊದಲ ಸಲಕ್ಕೇ ಕನಿಷ್ಠ 1,000 ಡಾಲರ್ ದಂಡ, ಎರಡನೆಯ ಸಲ ಕನಿಷ್ಠ 30 ದಿನ, ಮೂರನೆಯ ಸಲ ಕನಿಷ್ಠ 120 ದಿನ ಸೆರೆವಾಸ. ಸಾವು ಸಂಭವಿಸಿದರೆ ಶಿಕ್ಷೆ ಜೀವಾವಧಿಯವರೆಗೂ ಹೋಗಬಹುದು. ಎಂಜಿನ್ ಇಲ್ಲದಿದ್ದರೆ ಕಾನೂನು ಅನ್ವಯಿಸದೆಂದು ತಿಳಿದವರು ಆ ದೇಶದ ಒಂಟಾರಿಯೊ ಪ್ರಾಂತದ ಪ್ರಕರಣವನ್ನು ಗಮನಿಸಬೇಕು: ಹುಟ್ಟು ಹಾಕಿ ನಡೆಸುವ ಕ್ಯಾನೂ ದೋಣಿ ಮಗುಚಿ 2017ರಲ್ಲಿ ಎಂಟು ವರ್ಷದ ಬಾಲಕನೊಬ್ಬ ಸತ್ತಾಗ, ಕ್ಯಾನೂ ಕೂಡ ನೌಕೆಯೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು, ಕುಡಿದು ಅದನ್ನು ನಡೆಸಿದ್ದ ವ್ಯಕ್ತಿ 2019ರಲ್ಲಿ ಅಪರಾಧಿಯೆಂದು ತೀರ್ಮಾನವಾಯಿತು.

ಮಿತಿಗಳು ಒಂದೇ ರೀತಿಯಾಗಿಲ್ಲ. ಸ್ವೀಡನ್ನಿನಲ್ಲಿ ವೇಗದ ಅಥವಾ ದೊಡ್ಡ ದೋಣಿಗಳಿಗೆ ರಕ್ತದ ಸಾವಿರ ಪಾಲಿಗೆ 0.2 ಪಾಲು ಮದ್ಯಸಾರ (100 ಮಿಲಿಲೀಟರಿಗೆ ಸುಮಾರು 20 ಮಿಲಿಗ್ರಾಂ), ನೆರೆಯ ಫಿನ್‌ಲೆಂಡಿನಲ್ಲಿ ಸಾವಿರಕ್ಕೆ 1.0 (ಸುಮಾರು 100 ಮಿಲಿಗ್ರಾಂ). ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ವಯಸ್ಕ ಹವ್ಯಾಸಿಗಳಿಗೆ ರಸ್ತೆಯಲ್ಲಿರುವಂತೆಯೇ 100 ಮಿಲಿಲೀಟರಿಗೆ 50 ಮಿಲಿಗ್ರಾಂ. ಹದಿನೆಂಟು ತುಂಬದವರಿಗೆ ಸೊನ್ನೆ. ಅಲ್ಲಿಯ ನಿಯಮದಲ್ಲಿ ನನ್ನ ಗಮನ ಸೆಳೆದದ್ದು, ಎಂಜಿನ್ ಆರಿಸಿ ದೋಣಿಯನ್ನು ಸುಮ್ಮನೆ ತೇಲಲು ಬಿಟ್ಟಿದ್ದರೂ ಅದು ಸಾಗುತ್ತಿರುವ ದೋಣಿಯೇ ಎಂದು ಪರಿಗಣಿಸುವುದು. ನೀರಿನ ಮೇಲೆ ಎಳೆಸಿಕೊಂಡು ಜಾರುವವರೂ ಅವರನ್ನು ಗಮನಿಸುತ್ತ ದೋಣಿಯಲ್ಲಿ ಕುಳಿತವರೂ ಅದೇ ಮಿತಿಗೆ ಒಳಪಡುವುದು.

ಮಿತಿಯೇ ಇಲ್ಲದ ಕಡೆ ಹೊಣೆಯೂ ಇಲ್ಲವೆಂದು ಭಾವಿಸುವಂತಿಲ್ಲ. 2015ರ ಡಿಸೆಂಬರಿನಲ್ಲಿ ಲಂಡನ್ನಿನ ಥೇಮ್ಸ್ ನದಿಯಲ್ಲಿ ರಾತ್ರಿ ವೇಗದ ದೋಣಿಯೊಂದು ಮುಳುಗಿದ ದಿಮ್ಮಿಗೆ ಬಡಿದು ಮಗುಚಿತು. ಅದರಲ್ಲಿದ್ದ ಇಬ್ಬರೂ ಮದ್ಯ ಸೇವಿಸಿದ್ದರು, ಇಬ್ಬರೂ ಲೈಫ್ ಜಾಕೆಟ್ ಧರಿಸಿರಲಿಲ್ಲ, ದೋಣಿಯ ಒಡೆಯ ಚುಕ್ಕಾಣಿಯನ್ನು ಜೊತೆಯಲ್ಲಿದ್ದ ಯುವತಿಯ ಕೈಗೆ ಕೊಟ್ಟಿದ್ದ, ಆಕೆ ಉಳಿಯಲಿಲ್ಲ. ಹವ್ಯಾಸಿ ದೋಣಿಗಾರರಿಗೆ ಮದ್ಯದ ಮಿತಿ ವಿಧಿಸುವ ಕಲಮು ಬ್ರಿಟನ್ನಿನ 2003ರ ಕಾಯ್ದೆಯಲ್ಲಿ ಇದ್ದರೂ ಆ ಹೊತ್ತಿಗೆ ಜಾರಿಗೆ ಬಂದಿರಲಿಲ್ಲ. ಆದರೂ ಘೋರ ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದ ಅಪರಾಧಕ್ಕಾಗಿ 2018ರಲ್ಲಿ ಒಡೆಯನಿಗೆ ಆರು ವರ್ಷಗಳ ಸೆರೆವಾಸವಾಯಿತು. ಚುಕ್ಕಾಣಿ ಬೇರೆಯವರ ಕೈಯಲ್ಲಿತ್ತೆಂಬುದು ಅವನನ್ನು ಉಳಿಸಲಿಲ್ಲ. ಬಾಡಿಗೆ ದೋಣಿಯಲ್ಲಿ “ಒಂದು ನಿಮಿಷ ನಾನೂ ಹಿಡಿಯುತ್ತೇನೆ” ಎಂದು ಕೇಳುವವರು ಪ್ರತಿ ತಂಡದಲ್ಲೂ ಇರುತ್ತಾರೆ. ಕಿರುಪುಸ್ತಕದ ಆ ಒಂದು ಪುಟದಲ್ಲಿ ಈ ವಿಷಯ ಇರಬೇಕಿತ್ತು.

ಈಗ ನನ್ನ ಮುಖ್ಯ ಆಕ್ಷೇಪಕ್ಕೆ ಬರುತ್ತೇನೆ. ಕರಾರುಪತ್ರದ ಆರನೆಯ ಷರತ್ತು ಹೀಗಿದೆ: ಚಾಲಕ ಬಾಡಿಗೆಯ ಅವಧಿಯಲ್ಲಿ ಮದ್ಯ ಸೇವಿಸಬಾರದು. ಚಾಲಕ ಮಾತ್ರ. ಉಳಿದ ಆರು ಜನರ ಬಗ್ಗೆ ಅದರಲ್ಲಿ ಒಂದಕ್ಷರವೂ ಇಲ್ಲ, ಅವರು ತಂದ ಚೀಲಗಳನ್ನು ಯಾರೂ ನೋಡುವುದಿಲ್ಲ. ಮಧ್ಯಾಹ್ನ ದ್ವೀಪವೊಂದರ ಪಕ್ಕದಲ್ಲಿ ಲಂಗರು ಹಾಕಿ ಊಟಕ್ಕೆ ಕುಳಿತಾಗ ಭಾವನ ತಮ್ಮ ತನ್ನ ಚೀಲದಿಂದ ಬಿಯರ್ ತೆಗೆದ. ದೋಣಿ ನಿಂತಿದೆ, ನಡೆಸುವವನು ಅವನಲ್ಲ, ಷರತ್ತಿನಲ್ಲಿ ನಿಷೇಧವೂ ಇಲ್ಲ. ಆಕ್ಷೇಪಿಸಲು ನನಗೆ ಆಧಾರವಿರಲಿಲ್ಲ, ನಿಜ ಹೇಳಬೇಕೆಂದರೆ ಆಗ ನನಗೆ ಅದು ಅಪಾಯವೆಂದು ತೋರಲೂ ಇಲ್ಲ. ಎರಡು ಬಾಟಲಿ ಮುಗಿಸಿ, ಸೆಖೆಯೆಂದು ಲೈಫ್ ಜಾಕೆಟ್ ಬಿಚ್ಚಿಟ್ಟು, ಹಿಂಬದಿಯ ಏಣಿಯ ಕಡೆಗೆ ದೋಣಿಯ ಅಂಚಿನ ಮೇಲೆ ನಡೆದುಹೋಗುವಾಗ ಅವನ ಕಾಲು ಜಾರಿತು. ಅವನು ಚೆನ್ನಾಗಿ ಈಜಬಲ್ಲವನು. ಆದರೆ ಬಿದ್ದ ಗಾಬರಿಗೆ ನೀರು ಕುಡಿದು, ದೋಣಿಯ ಇನ್ನೊಂದು ಬದಿಯಲ್ಲಿ ಕೆಮ್ಮುತ್ತ ಮೇಲೆ ಬಂದವನಿಗೆ ಏಣಿ ಯಾವ ಕಡೆಗಿದೆಯೆಂದು ತಿಳಿಯಲಿಲ್ಲ. ನಾನು ಎಸೆದ ಹಗ್ಗ ಕೈಗೆಟಕುವಷ್ಟು ಹತ್ತಿರದಲ್ಲಿ ಬಿದ್ದಿದ್ದರೂ ಅವನು ಅದನ್ನು ಹಿಡಿಯಲಿಲ್ಲ. ಭಾವನೂ ನಾನೂ ಸೇರಿ ತೋಳು ಹಿಡಿದು ಮೇಲೆಳೆಯಲು ಮೂರು ಸಲ ಪ್ರಯತ್ನಿಸಬೇಕಾಯಿತು. ನೆನೆದ ಬಟ್ಟೆಯ, ಸಹಕರಿಸದ ವಯಸ್ಕನನ್ನು ದೋಣಿಯ ಅಂಚಿನ ಮೇಲೆ ಎತ್ತುವುದು ಎಷ್ಟು ಕಷ್ಟವೆಂದು ಎತ್ತಿದವರಿಗೇ ಗೊತ್ತು. ದೋಣಿ ನಮ್ಮ ಕಡೆಗೆ ಎಷ್ಟು ವಾಲಿತೆಂದರೆ ಅಕ್ಕ ಮಕ್ಕಳಿಬ್ಬರನ್ನೂ ಎಳೆದುಕೊಂಡು ಎದುರು ಬದಿಗೆ ಸರಿದು ಕುಳಿತಳು. ಎಂಜಿನ್ ನಿಂತಿತ್ತು. ಅದೇ ನಮ್ಮ ಪುಣ್ಯ.

ಇದು ನಮ್ಮೊಬ್ಬರ ಅನುಭವ ಮಾತ್ರವಾಗಿದ್ದರೆ ನಾನು ಸೇವೆಯ ಮೇಲೆ ಹೊಣೆ ಹೊರಿಸುತ್ತಿರಲಿಲ್ಲ. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೇರಿಲ್ಯಾಂಡ್ ಮತ್ತು ನಾರ್ತ್ ಕ್ಯಾರೊಲಿನಾ ರಾಜ್ಯಗಳಲ್ಲಿ 1990ರಿಂದ 1998ರವರೆಗೆ ದೋಣಿ ವಿಹಾರದಲ್ಲಿ ಸತ್ತವರನ್ನು, ಅದೇ ಬಗೆಯ ನೀರಿನಲ್ಲಿ ವಿಹರಿಸುತ್ತಿದ್ದ ಬದುಕಿರುವವರೊಂದಿಗೆ ಹೋಲಿಸಿ ನೋಡಿತು. ರಕ್ತದಲ್ಲಿ 100 ಮಿಲಿಲೀಟರಿಗೆ 10 ಮಿಲಿಗ್ರಾಂ ಇದ್ದಾಗಲೇ ಸಾವಿನ ಅಪಾಯ 1.3 ಪಟ್ಟಾಗಿತ್ತು, 250 ಮಿಲಿಗ್ರಾಂ ಮಟ್ಟದಲ್ಲಿ ಅದು ಐವತ್ತು ಪಟ್ಟನ್ನು ಮೀರಿತ್ತು. ಈ ಅಪಾಯ ಚಾಲಕನಿಗೂ ಪ್ರಯಾಣಿಕನಿಗೂ ಹೆಚ್ಚುಕಡಿಮೆ ಒಂದೇ ಆಗಿತ್ತು. ದೋಣಿ ಸಾಗುತ್ತಿತ್ತೋ ನಿಂತಿತ್ತೋ ಎಂಬುದರಿಂದಲೂ ಅದು ಬದಲಾಗಲಿಲ್ಲ. ಕಾರಣವನ್ನು ಊಹಿಸುವುದು ಕಷ್ಟವಲ್ಲ: ಕಾರಿನಲ್ಲಿ ಕುಡಿದ ಪ್ರಯಾಣಿಕ ಸೀಟಿನಿಂದ ಜಾರಿ ರಸ್ತೆಗೆ ಬೀಳುವುದಿಲ್ಲ, ದೋಣಿಯಲ್ಲಿ ನೀರಿಗೆ ಬೀಳುತ್ತಾನೆ. ಅಮೆರಿಕದ ಕರಾವಳಿ ರಕ್ಷಣಾ ಪಡೆ ಪ್ರತಿ ವರ್ಷ ಪ್ರಕಟಿಸುವ ಅಂಕಿಅಂಶಗಳ ಪ್ರಕಾರ 2023ರಲ್ಲಿ ಅಲ್ಲಿಯ ಮನರಂಜನಾ ದೋಣಿಗಳಲ್ಲಿ 564 ಜನ ಸತ್ತರು. ಮಾರಣಾಂತಿಕ ಅಪಘಾತಗಳಿಗೆ ಗೊತ್ತಾದ ಕಾರಣಗಳಲ್ಲಿ ಮೊದಲ ಸ್ಥಾನ ಮದ್ಯದ್ದು, ಅದರ ಪಾಲು 79 ಸಾವು. ಸಾವಿನ ಕಾರಣ ತಿಳಿದುಬಂದವರಲ್ಲಿ ನಾಲ್ವರಲ್ಲಿ ಮೂವರು ಮುಳುಗಿ ಸತ್ತವರು. ಮುಳುಗಿದವರಲ್ಲಿ, ಜಾಕೆಟ್ಟಿನ ಮಾಹಿತಿ ದಾಖಲಾಗಿರುವವರ ಪೈಕಿ, ಶೇಕಡ 87ರಷ್ಟು ಜನ ಅದನ್ನು ಧರಿಸಿರಲಿಲ್ಲ. ಭಾವನ ತಮ್ಮ ನೀರಿಗೆ ಬಿದ್ದಾಗ ಅವನ ಜಾಕೆಟ್ ಸೀಟಿನ ಮೇಲೆ ಮಡಿಸಿಟ್ಟಿತ್ತು.

ಹೀಗಿರುವಾಗ ಚುಕ್ಕಾಣಿ ಹಿಡಿದವನ ಉಸಿರನ್ನಷ್ಟೇ ಪರೀಕ್ಷಿಸಿ ಉಳಿದವರನ್ನು ಬಿಟ್ಟುಬಿಡುವುದು ಅರ್ಧ ಕೆಲಸ. ಚಾಲಕನ ಪರೀಕ್ಷೆಯೂ ಬೆಳಿಗ್ಗೆಗೇ ಮುಗಿಯುತ್ತದೆ. ಎಂಟೂವರೆ ಗಂಟೆಗಳ ಕಾಲ ದೋಣಿ ನಮ್ಮ ವಶದಲ್ಲಿತ್ತು, ಸಂಜೆ ಮರಳಿದಾಗ ಯಾರೂ ಊದಿಸಿ ನೋಡಲಿಲ್ಲ. ದಿನದ ದಣಿವೆಲ್ಲ ಸೇರಿ, ಬೇರೆ ದೋಣಿಗಳೂ ಒಟ್ಟಿಗೇ ಕಟ್ಟೆಗೆ ಮರಳುವ ಹೊತ್ತು ಅದು. ಸಂಜೆಯೂ ಪರೀಕ್ಷೆ ಇದೆಯೆಂದು ಮೊದಲೇ ತಿಳಿಸಿದರೆ ಮಧ್ಯಾಹ್ನ ಕುಡಿಯಬೇಕೆನ್ನಿಸಿದ ಚಾಲಕನ ಕೈಯನ್ನು ಅದು ತಡೆಯುತ್ತದೆ. ಜಾಕೆಟ್ ಧರಿಸಿರಬೇಕೆಂಬ ಷರತ್ತೂ ದೋಣಿ ಸಾಗುವಾಗ ಮಾತ್ರ ಅನ್ವಯಿಸುವಂತಿದೆ. ಲಂಗರು ಹಾಕಿದ ದೋಣಿಯಲ್ಲಿಯೂ, ಈಜಲು ಇಳಿಯುವಾಗಲೂ ಅದು ಮೈಮೇಲಿರಬೇಕು. ವಿಮೆಯ ಬಗೆಗಿನ ಮಾತು ಕರಾರುಪತ್ರದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿದೆ: ಮದ್ಯದಿಂದಾದ ಹಾನಿಗೆ ಪರಿಹಾರವಿಲ್ಲ, ಪೂರ್ತಿ ನಷ್ಟವನ್ನು ಬಾಡಿಗೆದಾರನೇ ಭರಿಸಬೇಕು. ಇಷ್ಟು ದೊಡ್ಡ ಹೊಣೆಯನ್ನು ತರಬೇತಿಯ ಹೊತ್ತಿನಲ್ಲಿ ಬಾಯಿಬಿಟ್ಟು ಹೇಳಬೇಕು.

ಸಂಜೆ ದೋಣಿ ಒಪ್ಪಿಸುವಾಗ ವ್ಯವಸ್ಥಾಪಕಿಯವರನ್ನು ಕಂಡು ನಡೆದದ್ದನ್ನೆಲ್ಲ ಹೇಳಿದೆ. ಅವರು ತಳ್ಳಿಹಾಕಲಿಲ್ಲ, ಕುಳಿತು ಬರೆದುಕೊಂಡರು. ಪ್ರಯಾಣಿಕರಿಗೂ ನಿಷೇಧ ಹಾಕಿದರೆ ಗ್ರಾಹಕರು ಪಕ್ಕದವರ ಕಡೆಗೆ ಹೋಗುತ್ತಾರೆಂಬ ಅಂಜಿಕೆಯನ್ನೂ ಮುಚ್ಚಿಡದೆ ಹೇಳಿದರು. ಆ ಅಂಜಿಕೆ ನನಗೆ ಅರ್ಥವಾಗುತ್ತದೆ, ಆದರೆ ಒಪ್ಪಿಗೆಯಾಗುವುದಿಲ್ಲ. ಬೆಳಿಗ್ಗೆ ನಮ್ಮ ಭಾವನನ್ನು ಅಷ್ಟು ಗೌರವದಿಂದ ತಡೆದ ಸಂಸ್ಥೆಗೆ ಮಧ್ಯಾಹ್ನದ ಬಾಟಲಿಯನ್ನೂ ಅಷ್ಟೇ ಗೌರವದಿಂದ ತಡೆಯುವ ಶಕ್ತಿಯಿದೆ. ಅದಕ್ಕೆ ನಾನು ಕಣ್ಣಾರೆ ಸಾಕ್ಷಿ.

ಮಕ್ಕಳೊಂದಿಗೆ ಹೋಗುವವರು, ಮೊದಲ ಸಲ ದೋಣಿ ನಡೆಸುವವರು ಈ ಸೇವೆಯನ್ನು ಧೈರ್ಯವಾಗಿ ಆರಿಸಿಕೊಳ್ಳಬಹುದು. ತರಬೇತಿಯ ಗುಣಮಟ್ಟ ಮತ್ತು ಕೀಲಿಗಿಂತ ಮೊದಲಿನ ಪರೀಕ್ಷೆ, ಈ ಎರಡಕ್ಕಾಗಿಯೇ ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ಗೆಳೆಯರ ಗುಂಪು ಕಟ್ಟಿಕೊಂಡು ಹೋಗುವವರು ಹೊರಡುವ ಮುನ್ನವೇ ಮದ್ಯವನ್ನು ದಡದಲ್ಲಿ ಬಿಡುವ ಒಪ್ಪಂದವನ್ನು ತಮ್ಮೊಳಗೇ ಮಾಡಿಕೊಳ್ಳಬೇಕು, ಏಕೆಂದರೆ ಸದ್ಯಕ್ಕೆ ಅದನ್ನು ಬೇರೆ ಯಾರೂ ಮಾಡಿಸುವುದಿಲ್ಲ. ಮುಂದಿನ ವರ್ಷ ಮತ್ತೆ ಹೋಗುವ ಮಾತಿದೆ. ಕಾಯ್ದಿರಿಸುವ ಮೊದಲು ಕರಾರುಪತ್ರದ ಆರನೆಯ ಷರತ್ತನ್ನು ತೆರೆದು ನೋಡುತ್ತೇನೆ. ಅಲ್ಲಿ “ಚಾಲಕ” ಎಂದಿರುವ ಜಾಗದಲ್ಲಿ “ದೋಣಿಯಲ್ಲಿರುವ ಎಲ್ಲರೂ” ಎಂದು ಬಂದಿದ್ದರೆ ಐದನೆಯ ನಕ್ಷತ್ರವನ್ನೂ ಸೇರಿಸಿ ಈ ವಿಮರ್ಶೆಯನ್ನು ತಿದ್ದಿ ಬರೆಯುತ್ತೇನೆ.